ತೊಟ್ಟಿನ ಬಣ್ಣ

ಕೂಡ್ಲಿನ ನರ್ಸರಿಯಲ್ಲಿ ನನ್ನ ಕೆಲಸ ಇಷ್ಟೇ:
ಆರು ತಿಂಗಳ ತೆಂಗಿನ ಸಸಿಯ ಮುಂದೆ ಕುಕ್ಕರಗಾಲಲ್ಲಿ ಕೂತು
ತೊಟ್ಟು ನೋಡುವುದು.
ಕಂದು ಬಂದರೆ ಬಲಕ್ಕೆ,
ಕಿತ್ತಳೆಯಾದರೆ ಎಡಕ್ಕೆ.

ತಾಯಿ ಗೆಂದಾಳಿ, ಗಿಡ್ಡಿ, ಮೈತುಂಬ ಅರಸಿನಗೆಂಪು.
ತಂದೆ ಊರಿನ ಎತ್ತರದ ಮರ.
ಅವರ ಮದುವೆಗೆ ನೆಂಟರಿಲ್ಲ, ವಾಲಗವಿಲ್ಲ;
ಏಣಿ ಹತ್ತಿ ಒಬ್ಬ
ತಾಯಿಯ ಹೊಂಬಾಳೆಯಿಂದ ಗಂಡುಹೂಗಳನ್ನೆಲ್ಲ ತರಿದು,
ಚೀಲ ಕಟ್ಟಿ, ಹೆಣ್ಣುಹೂ ಕಣ್ಣು ಬಿಡುವ ದಿನ ಕಾದು,
ಪೌಡರಿನಲ್ಲಿ ಕಲಸಿದ ಪರಾಗವನ್ನು
ಸೀಸೆಯಿಂದ ಪುಸ್ಸೆಂದು ಊದಿ ಇಳಿಯುತ್ತಾನೆ.
ವರ್ಷ ಕಳೆದು ಕಾಯಿ. ಕಾಯಿ ಮೊಳೆತು ಸಸಿ.
ಊದಿದ್ದು ಹಿಡಿದಿದ್ದರೆ ತೊಟ್ಟು ಕಂದು;
ಗಾಳಿಯೋ ಇರುವೆಯೋ ಚೀಲದೊಳಗೆ ನುಸುಳಿ
ಗೆಂದಾಳಿಯ ಪರಾಗವೇ ಸೇರಿದ್ದರೆ
ಮಗಳು ತಾಯಿಯ ಅಚ್ಚು, ಕಿತ್ತಳೆ.
ಸುಳ್ಳು ಹೇಳಲು ತೊಟ್ಟಿಗೆ ಬರುವುದಿಲ್ಲ.

ಹಾಗೆ ಊದುತ್ತಿದ್ದವ ನನ್ನ ಅಪ್ಪ, ಐತ್ತಪ್ಪ.
ಮೂವತ್ತೊಂದು ವರ್ಷ ಏಣಿಯ ಮೇಲೆ,
ಹಸಿರು ಹಾವಿಗೆ ಒಮ್ಮೆಯೂ ಕೈ ತಾಗಿಸದೆ.
ಸಾವಿರಗಟ್ಟಲೆ ಮದುವೆ ಮಾಡಿಸಿದವನಿಗೆ
ಮಕ್ಕಳ ಬಣ್ಣ ಮಾತ್ರ ಗೊತ್ತಾಗುತ್ತಿರಲಿಲ್ಲ.
"ಬಿಸಿಲು ಕಣ್ಣಿಗೆ ಹೊಡೆಯಿತು ಮಾರಾಯ್ತಿ, ನೀ ಹೇಳು, ಇದು ಯಾವುದು?"
ಏಳು ವರ್ಷದ ನಾನು: ಇದು ಕಂದು, ಇದು ಕಿತ್ತಳೆ, ಇದೂ ಕಿತ್ತಳೆ.
ಮೋಡ ಕವಿದ ದಿನವೂ
ಅವನ ಕಣ್ಣಿಗೆ ಅದೇ ಬಿಸಿಲು.

ಹೋದ ವರ್ಷ ಶಾಲೆಯಲ್ಲಿ ಕಣ್ಣಿನ ತಪಾಸಣೆ.
ಚುಕ್ಕಿಗಳ ಗುಂಪಿನಲ್ಲಿ ಅಡಗಿದ ಅಂಕೆಯನ್ನು
ನನ್ನ ಕಿರಿಯವ ಯತಿನ್ ಕಾಣಲಿಲ್ಲ.
ಹಿರಿಯವ ಕಂಡಿದ್ದ, ಎರಡು ವರ್ಷ ಹಿಂದೆ, ಅದೇ ಪುಸ್ತಕದಲ್ಲಿ.
ನಳಿನಾಕ್ಷಿ ಟೀಚರು ನನ್ನನ್ನು ಕರೆಸಿ
ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ
ನಾಲ್ಕು ಕೋಣೆಯ ಚೌಕ ಬರೆದರು.
"ಹೆಣ್ಣಿಗೆ ಎಕ್ಸ್ ಎರಡು. ಒಂದರಲ್ಲಿ ಕೊರತೆಯಿದ್ದರೆ ಇನ್ನೊಂದು ಕಾಯುತ್ತದೆ.
ಗಂಡಿಗೆ ಒಂದೇ; ಅದು ತಾಯಿಯದ್ದು.
ನಿಮ್ಮಪ್ಪನ ಎಕ್ಸ್ ನಿಮಗೆ ಬಂದೇ ಬರುತ್ತದೆ,
ನಿಮ್ಮ ಅಣ್ಣನಿಗೆ ಬರುವುದೇ ಇಲ್ಲ.
ನಿಮ್ಮಿಂದ ಒಬ್ಬೊಬ್ಬ ಮಗನಿಗೂ, ನಾಣ್ಯ ಚಿಮ್ಮಿದ ಹಾಗೆ."
ನಾನು ಕೇಳಿದೆ: ಹಿರಿಯವನಿಗೆ ಬಾರದ್ದರಿಂದ
ಕಿರಿಯವನಿಗೆ ಬಂದದ್ದೇ?
"ಇಲ್ಲಮ್ಮ. ನಾಣ್ಯಕ್ಕೆ ಹಿಂದಿನದು ನೆನಪಿರುವುದಿಲ್ಲ."

ಅಪ್ಪನ ಸೋದರಮಾವನೂ ಹೀಗೇ ಇದ್ದನಂತೆ,
ಹಣ್ಣುಮೆಣಸು ಕೊಯ್ಯಲು ಕಳಿಸಿದರೆ
ಕಾಯಿಯನ್ನೂ ಕೊಯ್ದು ತಂದು ಬೈಸಿಕೊಳ್ಳುತ್ತಿದ್ದನಂತೆ.
ಮಾವನಲ್ಲಿತ್ತು, ಅಳಿಯನಲ್ಲಿತ್ತು;
ನಡುವೆ ಅಜ್ಜಿ, ಎಲ್ಲ ಬಣ್ಣ ಕಾಣುತ್ತ.
ಅಳಿಯಕಟ್ಟು ಕಾನೂನಿನಲ್ಲಿ ಹೋಯಿತು,
ಆಸ್ತಿ ಅಪ್ಪನಿಂದ ಮಗನಿಗೆ ಎಂದಾಯಿತು;
ಹನ್ನೆರಡು ಸೆಂಟ್ಸು ಅಣ್ಣನ ಹೆಸರಿಗೆ,
ಬೊಜ್ಜ ಮುಗಿದ ವಾರವೇ ನಾನು ಸಹಿ ಹಾಕಿಕೊಟ್ಟೆ.
ರಕ್ತಕ್ಕೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.
ಅದು ಈಗಲೂ ಹೆಣ್ಣಿನ ಕೈಯಲ್ಲೇ ಗಂಟು ಕಳಿಸುತ್ತದೆ,
ಬಿಚ್ಚಿ ನೋಡಲು ಬಿಡದೆ.

ದಿನಕ್ಕೆ ನಾನೂರು ತೊಟ್ಟು, ಒಂದೂ ತಪ್ಪಿಲ್ಲ,
ಬೇಕಾದರೆ ಸೂಪರ್‌ವೈಸರನ್ನು ಕೇಳಿ.
ಇದೇ ಮೈಯಲ್ಲಿ ಅಪ್ಪನ ಕಾಣದಿರುವುದೂ ಕೂತಿದೆ,
ಮೂವತ್ತೆಂಟು ವರ್ಷ, ಬಾಡಿಗೆ ಕೊಡದೆ, ಸದ್ದು ಮಾಡದೆ.
ಅಪ್ಪ ಸತ್ತಾಗ ಎಲ್ಲ ಸುಟ್ಟೆವು ಎಂದುಕೊಂಡಿದ್ದೆ.

ಎಡಕ್ಕೆ ಬಿಸಾಡಿದ ಕಿತ್ತಳೆಗಳಲ್ಲಿ ಒಂದನ್ನು ಕೇಳಿ ತಂದು
ಬಾವಿಕಟ್ಟೆಯ ಹತ್ತಿರ ನೆಟ್ಟಿದ್ದೇನೆ.
ಪಕ್ಕದಲ್ಲಿ ಕಂದಿನದು, ದುಡ್ಡು ಕೊಟ್ಟದ್ದು.
ಯತಿನನಿಗೆ ಎರಡೂ ಒಂದೇ; ಅಳತೆ ತಪ್ಪದೆ ಎರಡಕ್ಕೂ ನೀರು.
ನಿನ್ನೆ ಸಂಜೆ ಕೊಡ ಕೆಳಗಿಟ್ಟು ನನ್ನ ರಟ್ಟೆ ಹಿಡಿದ:
"ಅಲ್ಲೇ ನಿಲ್ಲು. ಹಾವು."
ಹಸಿರೊಳಗೆ ಹಸಿರು. ನನಗೆ ಬರೀ ಮಡಲು.
ಅವನ ಬೆರಳಿನ ನೇರಕ್ಕೆ ಎಷ್ಟು ಹೊತ್ತು ನೋಡಿದರೂ ಮಡಲು.
ಆಮೇಲೆ
ಮಡಲು ಮೆಲ್ಲಗೆ ನಾಲಗೆ ಚಾಚಿತು.